ಮಲೆನಾಡಿನ ಮನೆಗೆ ಬೆಂಗಳೂರಿನ ಹೊರಮೈ: ಯಾವುದು ಬಾಳುತ್ತದೆ, ಯಾವುದು ಪಾಚಿ ಕಟ್ಟುತ್ತದೆ

ಬೆಂಗಳೂರಿನಲ್ಲಿದ್ದುಕೊಂಡು ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ಮನೆ ಕಟ್ಟಿಸುವವರು ಹೊರಗೋಡೆಯ ಸಾಮಾನನ್ನು ಬಹುಪಾಲು ಬೆಂಗಳೂರಿನಲ್ಲೇ ಆರಿಸುತ್ತಾರೆ. ಕಲ್ಲಿಗೆ ಜಿಗಣಿ, ಮರಕ್ಕೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್, ಸ್ಕ್ರೂ ಬೋಲ್ಟಿಗೆ ಎಸ್.ಜೆ.ಪಿ. ರಸ್ತೆ. ಅಂಗಡಿ ಮುಂದೆ ನಿಲ್ಲಿಸಿದ ಮಾದರಿ ಗೋಡೆ ಎರಡು ವರ್ಷ ಕಳೆದರೂ ಲಕಲಕ ಎನ್ನುತ್ತಿರುತ್ತದೆ. ಅದನ್ನು ನೋಡಿ ಮರುಳಾಗಬೇಡಿ. ಅಲ್ಲಿ ಕಾಣುವ ಗುಣದಲ್ಲಿ ಅರ್ಧ ಪಾಲು ಊರಿನ ಹವೆಯದು. ಬೆಂಗಳೂರಿಗೆ ವರ್ಷಕ್ಕೆ ಬೀಳುವುದು ಸುಮಾರು 970 ಮಿ.ಮೀ. ಮಳೆ. ಸಂಜೆ ಗುಡುಗಿ ಸುರಿದರೆ ಮರುದಿನ ಬಿಸಿಲೇರುವಷ್ಟರಲ್ಲಿ ಗೋಡೆ ಒಣಗಿರುತ್ತದೆ. ಮಡಿಕೇರಿಯಲ್ಲಿ ಮಳೆ 3,000 ಮಿ.ಮೀ. ದಾಟುತ್ತದೆ, ಆಗುಂಬೆಯಲ್ಲಿ 7,000. ಬಿದ್ದ ನೀರಿನ ಲೆಕ್ಕಕ್ಕಿಂತ ಮುಖ್ಯವಾದದ್ದು ಬಿಡುವು: ಜೂನ್‌ನಲ್ಲಿ ಹಿಡಿದ ಜಡಿಮಳೆ ಸೆಪ್ಟೆಂಬರಿನವರೆಗೂ ಗೋಡೆಗೆ ಒಣಗಲು ಪುರುಸೊತ್ತು ಕೊಡುವುದಿಲ್ಲ.

ಹಾಗಾಗಿ ಈ ವಿಮರ್ಶೆಯಲ್ಲಿ ವಸ್ತುಗಳನ್ನು ಅಳೆದಿರುವುದು ಒಂದೇ ಪ್ರಶ್ನೆಯಿಂದ: ನೀರು ಕುಡಿದ ಮೇಲೆ ಎಷ್ಟು ಬೇಗ ಬಿಟ್ಟುಕೊಡುತ್ತದೆ? ಹಳೆಯ ಮಲೆನಾಡಿನವರಿಗೆ ಇದು ಗೊತ್ತಿತ್ತು. ಮಳೆಗಾಲಕ್ಕೆ ಮುಂಚೆ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಎರಚಲು ತಟ್ಟಿಗೆ ಬಡಿದು ಕೆಳಗಿಳಿಯುತ್ತಿತ್ತು, ತಟ್ಟಿಗೂ ಮಣ್ಣಿನ ಗೋಡೆಗೂ ನಡುವೆ ಗಾಳಿಯಾಡುತ್ತಿತ್ತು, ಮಳೆ ಹೋದ ಮೇಲೆ ಬಿಚ್ಚಿ ಹಾಕುತ್ತಿದ್ದರು. ಇಂದಿನ ಆರ್ಕಿಟೆಕ್ಟರ ನಕ್ಷೆಯಲ್ಲಿ ರೇನ್‌ಸ್ಕ್ರೀನ್ ಎಂದು ಬರುವುದು ಇದೇ ತತ್ವ. ವ್ಯತ್ಯಾಸವೆಂದರೆ ಈಗಿನ ತಟ್ಟಿ ಲಕ್ಷಗಟ್ಟಲೆ ಬೆಲೆಯದು, ಬಿಚ್ಚುವ ಹಾಗಿಲ್ಲ.

ಕಲ್ಲು

ಮೊದಲ ಸ್ಥಾನ ಸಾದರಹಳ್ಳಿ ಕಲ್ಲಿಗೆ. ದೇವನಹಳ್ಳಿ ಕಡೆಯ ಈ ಬೂದು ಗ್ರಾನೈಟ್ ಬೆಂಗಳೂರಿಗರಿಗೆ ಮೆಟ್ಟಿಲು, ಚಪ್ಪಡಿ, ಕಾಂಪೌಂಡಿನಿಂದ ಪರಿಚಿತ. ಬೆಂಗಳೂರು ಸುತ್ತಲಿನ ಗ್ರಾನೈಟ್ ತೆರೆದ ಗೋಡೆಯಲ್ಲಿ ಹೇಗೆ ವಯಸ್ಸಾಗುತ್ತದೆಂದು ತಿಳಿಯಬೇಕಿದ್ದರೆ 1956ರಲ್ಲಿ ಮುಗಿದ ವಿಧಾನಸೌಧವನ್ನು ನೋಡಿದರಾಯಿತು. ಒಳ್ಳೆಯ ಗ್ರಾನೈಟ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಕುಡಿದೇ ಇಲ್ಲದ ಮೇಲೆ ಒಣಗುವ ತಕರಾರೂ ಇಲ್ಲ. ಪಾಚಿ ಬಂದರೂ ಕೂರುವುದು ಸಂದಿನ ಗಾರೆಯ ಮೇಲೆ ಮತ್ತು ಮೇಲ್ಮೈಯ ಕುಳಿಗಳಲ್ಲಿ.

ಆ ಕುಳಿಗಳ ಕಾರಣಕ್ಕೇ ಫಿನಿಶ್ ಆರಿಸುವಾಗ ಎಚ್ಚರ ಬೇಕು. ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಫಿನಿಶ್ ನೆಲಕ್ಕೆ, ಮೆಟ್ಟಿಲಿಗೆ ಬಹಳ ಒಳ್ಳೆಯದು, ಕಾಲು ಜಾರುವುದಿಲ್ಲ. ಅದನ್ನೇ ಬಿಸಿಲು ಬೀಳದ ಬಡಗಣ ಗೋಡೆಗೆ ಹಾಕಿದರೆ ಮೊದಲ ಮಳೆಗಾಲಕ್ಕೇ ಹಸಿರಾಗುತ್ತದೆ. ನೆರಳಿನ ಗೋಡೆಗೆ ಲೆದರ್ ಫಿನಿಶ್ ಸರಿ: ಹೊಳಪಿಲ್ಲ, ಆದರೆ ಮೈ ಮುಚ್ಚಿಕೊಂಡಿರುತ್ತದೆ, ನಾರಿನ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಉಳಿ ಪೆಟ್ಟಿನ ಕಲ್ಲು ನೋಟಕ್ಕೆ ಎಲ್ಲಕ್ಕಿಂತ ಮೇಲು. ಅದನ್ನು ಪಾಯದ ಮೇಲಿನ ಎರಡೂವರೆ ಅಡಿಗೆ ಮೀಸಲಿಟ್ಟರೆ ಹಣವೂ ಉಳಿಯುತ್ತದೆ, ನೆಲದಿಂದ ಸಿಡಿಯುವ ಕೆಸರು ನೀರಿಗೂ ಜಗ್ಗುವುದಿಲ್ಲ. ಫ್ಲೇಮ್ಡ್ ಬೇಕೆಂದರೆ 20 ಮಿ.ಮೀ.ಗಿಂತ ತೆಳು ಬೇಡ, ಬೆಂಕಿಯ ಶಾಖಕ್ಕೆ ತೆಳು ಹಲಗೆಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತವೆ.

ಇನ್ನು ತೂಕ. 30 ಅಡಿ ಅಗಲ, 12 ಅಡಿ ಎತ್ತರದ ಒಂದು ಗೋಡೆ ತೆಗೆದುಕೊಳ್ಳಿ: 360 ಚದರ ಅಡಿ, ಸುಮಾರು 33 ಚದರ ಮೀಟರ್. ಗ್ರಾನೈಟಿನ ತೂಕ ಘನ ಮೀಟರಿಗೆ 2,700 ಕೆ.ಜಿ. ಆಸುಪಾಸು. 20 ಮಿ.ಮೀ. ದಪ್ಪದ ಕಲ್ಲೆಂದರೆ ಚದರ ಮೀಟರಿಗೆ 54 ಕೆ.ಜಿ., ಇಡೀ ಗೋಡೆಗೆ 1,800 ಕೆ.ಜಿ. ದಪ್ಪ 30 ಮಿ.ಮೀ.ಗೆ ಏರಿಸಿದರೆ 2,700 ಕೆ.ಜಿ. ಅಂಟು 6 ಮಿ.ಮೀ. ಹಾಸಿದರೆ ಚದರ ಮೀಟರಿಗೆ 9 ಕೆ.ಜಿ.ಯಂತೆ 300 ಕೆ.ಜಿ., ಅಂದರೆ 20 ಕೆ.ಜಿ.ಯ 15 ಚೀಲ. ಕಂಟ್ರಾಕ್ಟರರ ಅಂದಾಜಿನಲ್ಲಿ ಏಳೆಂಟೇ ಚೀಲ ಇದ್ದರೆ ಅವರು ಉಂಡೆ ಲೆಕ್ಕದಲ್ಲಿ ಅಂಟಿಸುತ್ತಾರೆಂದು ತಿಳಿಯಿರಿ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಇಟ್ಟು ಕಲ್ಲು ಒತ್ತುವ ಈ ಪದ್ಧತಿ ಬೆಂಗಳೂರಿನ ಒಣ ಹವೆಯಲ್ಲಿ ಹೇಗೋ ನಡೆದುಹೋಗುತ್ತದೆ. ಮಲೆನಾಡಿನಲ್ಲಿ ಕಲ್ಲಿನ ಹಿಂದಿನ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ, ಗಾರೆಯ ಸುಣ್ಣ ಕರಗಿ ಸಂದಿನಿಂದ ಬಿಳಿ ಗೆರೆಯಾಗಿ ಇಳಿಯುತ್ತದೆ, ಉಂಡೆ ಇದ್ದ ಜಾಗ ಕಲ್ಲಿನ ಮೇಲೆ ಐದು ಕಪ್ಪು ಮಚ್ಚೆಯಾಗಿ ಎದ್ದು ಕಾಣುತ್ತದೆ. ಆ ಮಚ್ಚೆ ಹೋಗಿಸಲು ದಾರಿಯಿಲ್ಲ.

ಸರಿಯಾದ ಕ್ರಮ ಹೀಗೆ. ಅಂಟು ಸಿ2ಟಿಇ ಎಸ್1 ದರ್ಜೆಯದಾಗಿರಲಿ. ಸಿ2ಟಿಇ ಎಂದರೆ ಜಾರದ, ಬೇಗ ಒಣಗದ ಸುಧಾರಿತ ಸಿಮೆಂಟ್ ಅಂಟು. ಎಸ್1 ಎಂದರೆ ಸ್ವಲ್ಪ ಬಾಗುವ ಗುಣವಿದೆ ಎಂದರ್ಥ, ಬಿಸಿಲು ಮಳೆಗೆ ಕಲ್ಲು ಹಿಗ್ಗಿ ಕುಗ್ಗುವಾಗ ಅದು ಬೇಕು. ಗೋಡೆಗೆ 10-12 ಮಿ.ಮೀ. ಹಲ್ಲಿನ ಕರಣೆಯಿಂದ ಒಂದೇ ದಿಕ್ಕಿಗೆ ಎಳೆದು, ಕಲ್ಲಿನ ಬೆನ್ನಿಗೂ ತೆಳುವಾಗಿ ಸವರಿ ಒತ್ತಬೇಕು. ಹೊತ್ತಿಗೊಂದು ಕಲ್ಲನ್ನು ಒತ್ತಿದ ಕೂಡಲೇ ಕಿತ್ತು ನೋಡಿ, ಬೆನ್ನಿನ ಹತ್ತರಲ್ಲಿ ಒಂಬತ್ತು ಭಾಗಕ್ಕಾದರೂ ಅಂಟು ಮೆತ್ತಿರಬೇಕು. ಸಂದು 5-6 ಮಿ.ಮೀ. ಬಿಡಿ. ಕಲ್ಲಿಗೆ ಕಲ್ಲು ತಾಗಿಸಿ ಕೂರಿಸುವ ಕೂದಲೆಳೆ ಸಂದು ಹೊರಗೋಡೆಗೆ ಬೇಡವೇ ಬೇಡ. ನಾಲ್ಕು ಮೀಟರಿಗೊಮ್ಮೆ ಮತ್ತು ಪ್ರತಿ ಮಹಡಿಯ ಬೀಮಿನ ಮಟ್ಟದಲ್ಲಿ ಒಂದು ಮೆತ್ತನೆ ಸಂದು ಇರಬೇಕು, ಅದಕ್ಕೆ ಕಲೆ ಬಿಡದ ನ್ಯೂಟ್ರಲ್ ಸಿಲಿಕೋನ್ ತುಂಬಿಸಿ. ಬಾತ್‌ರೂಮಿಗೆ ಬಳಸುವ ಸಾದಾ ಸಿಲಿಕೋನಿನ ಎಣ್ಣೆ ಗ್ರಾನೈಟಿನೊಳಗೆ ಇಳಿದು ಅಂಚಿಗೆ ಜಿಡ್ಡುಗಟ್ಟಿದ ಗೆರೆ ಮೂಡಿಸುತ್ತದೆ. ಕೆಲಸ ಮುಗಿದ ಮೇಲೆ ಆಸಿಡ್ ಹಾಕಿ ತೊಳೆಯಲು ಹೊರಟವರನ್ನು ಅಲ್ಲೇ ತಡೆಯಿರಿ. ಕಲ್ಲಿನಲ್ಲಿರುವ ಕಬ್ಬಿಣದ ಅಂಶ ಆಸಿಡ್‌ಗೆ ಎದ್ದು ಹಳದಿ ತಿರುಗುತ್ತದೆ.

ಹತ್ತಡಿ ಮೀರಿದ ಎತ್ತರಕ್ಕೆ ಅಂಟನ್ನು ಮಾತ್ರ ನಂಬಬಾರದು. ಅಲ್ಲಿ ಡ್ರೈ ಕ್ಲ್ಯಾಡಿಂಗ್: 30 ಮಿ.ಮೀ. ಕಲ್ಲು, ಪ್ರತಿ ಕಲ್ಲಿಗೆ ನಾಲ್ಕು ಪಿನ್, ಎಸ್‌ಎಸ್ 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ) ಆಂಗಲ್. ಕಲ್ಲಿಗೂ ಗೋಡೆಗೂ ನಡುವೆ ಗಾಳಿಯಾಡುವುದರಿಂದ ಮಲೆನಾಡಿಗೆ ಇದೇ ಸೂಕ್ತ, ಬೆಲೆ ಮಾತ್ರ ಅಂಟಿನ ಕೆಲಸಕ್ಕಿಂತ ಬಹಳ ಮೇಲೆ ಹೋಗುತ್ತದೆ. ಒಂದು ಕಡೆ ಇದು ಕೈಕೊಡುತ್ತದೆ: ಎಎಸಿ, ಅಂದರೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕಿನ ಗೋಡೆಯಲ್ಲಿ. ಬೆಂಗಳೂರಿನ ಈಗಿನ ಕಟ್ಟಡಗಳಿಗೆ ಎಎಸಿ ರೂಢಿಯಾಗಿರುವುದರಿಂದ ಬೆಟ್ಟದ ಮನೆಗೂ ಅದನ್ನೇ ಸಾಗಿಸುತ್ತಾರೆ. ಆ ಹಗುರ ಬ್ಲಾಕು ಬೋಲ್ಟನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಕಲ್ಲಿನ ಹೊದಿಕೆ ಬೇಕೆಂದು ಮೊದಲೇ ಗೊತ್ತಿದ್ದರೆ ಆಂಗಲ್ ಬರುವ ಸಾಲಿನಲ್ಲಿ ಕಾಂಕ್ರೀಟಿನ ಪಟ್ಟಿ ಹಾಕಿಸಿ, ಇಲ್ಲವೇ ಬೀಮಿನಿಂದ ಬೀಮಿಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ. ಗೋಡೆ ಎದ್ದ ಮೇಲೆ ಈ ಯೋಚನೆ ಬಂದರೆ ಖರ್ಚು ದುಪ್ಪಟ್ಟು.

ಉಳಿದ ಕಲ್ಲುಗಳ ಬಗ್ಗೆ ಇಷ್ಟು ಉದ್ದ ಬೇಕಿಲ್ಲ. ಒಂದರ ಮೇಲೊಂದು ಪೇರಿಸಿದಂತೆ ಕಾಣುವ ಸ್ಟ್ಯಾಕ್ ಸ್ಟೋನ್ ಪಟ್ಟಿಗಳು ಶೋರೂಮಿನಲ್ಲಿ ಎಲ್ಲರ ಕಣ್ಣು ಸೆಳೆಯುತ್ತವೆ. ಬೆಟ್ಟದಲ್ಲಿ ಅದರ ಪ್ರತಿ ಸಂದೂ ಪಾಚಿಗೆ ತೊಟ್ಟಿಲು. ಜಗಲಿಯ ಒಳಗೋಡೆಗೆ ಹಾಕಿಕೊಳ್ಳಿ, ಮಳೆ ಬೀಳುವಲ್ಲಿ ಬೇಡ. ಎರಡು ಮಿ.ಮೀ. ದಪ್ಪದ, ಬಟ್ಟೆಯಂತೆ ಬಾಗುವ ಕಲ್ಲಿನ ಹಾಳೆ ಒಳಾಂಗಣದ ವಸ್ತು. ಕಡಪ ಕಲ್ಲು ಸುಣ್ಣದ ಜಾತಿಯದು. ಅಂಗಡಿಯಲ್ಲಿ ಎಣ್ಣೆ ಹಚ್ಚಿ ತೋರಿಸುವ ಕಡುಗಪ್ಪು ಬಿಸಿಲಿಗೆ ಬೂದಿ ಬಣ್ಣಕ್ಕೆ ಇಳಿಯುತ್ತದೆ, ಒದ್ದೆಯಾದರೆ ಜಾರುತ್ತದೆ.

ಜಂಬಿಟ್ಟಿಗೆಯದು ಬೇರೆಯದೇ ಕಥೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇಡೀ ಕಲ್ಲನ್ನೇ ಗೋಡೆಯಾಗಿ ಕಟ್ಟುತ್ತಾರೆ, ಮೇಲೆ ದೊಡ್ಡ ಸೂರು ಇರುತ್ತದೆ, ಅದು ತಲೆಮಾರುಗಳ ಕಾಲ ನಿಲ್ಲುತ್ತದೆ. ಬೆಂಗಳೂರಿನಲ್ಲಿ ಮಾರುವುದು ಅದನ್ನೇ 20-25 ಮಿ.ಮೀ. ಹೋಳಾಗಿ ಕೊಯ್ದ ಟೈಲ್. ಜಂಬಿಟ್ಟಿಗೆ ತೂಕದ ಶೇ. 12ರವರೆಗೂ ನೀರು ಹೀರಬಹುದು. ದಪ್ಪ ಗೋಡೆಯಲ್ಲಿ ಆ ನೀರು ಹರಡಿ ನಿಧಾನಕ್ಕೆ ಆರುತ್ತದೆ, ತೆಳು ಹೋಳಿನಲ್ಲಿ ಅಂಟಿನವರೆಗೂ ತಲುಪಿ ಅಲ್ಲೇ ಕೂರುತ್ತದೆ. ತೂತುಗಳಲ್ಲಿನ ಜೇಡಿ ಕರಗಿ ಕೆಳಗಿನ ಕಲ್ಲಿನ ಮೇಲೆ ಕೆಂಪು ಧಾರೆ ಇಳಿಯುತ್ತದೆ. ಅದಕ್ಕೆ ಹೊಳಪಿನ ಕೋಟಿಂಗ್ ಬಳಿದರೆ ಇನ್ನೂ ಕೆಟ್ಟದ್ದು, ಒಳಗಿನ ತೇವ ಹೊರಬರಲಾರದೆ ಕೋಟಿಂಗೇ ಪೊರೆ ಬಿಡುತ್ತದೆ. ಹಚ್ಚಲೇಬೇಕೆಂದರೆ ಪೊರೆ ಕಟ್ಟದೆ ಒಳಗಿಳಿಯುವ ಸೈಲೇನ್-ಸೈಲಾಕ್ಸೇನ್ ಬಗೆಯದನ್ನು ಹಚ್ಚಿ. ಯಾವ ಕಲ್ಲನ್ನಾದರೂ ಕೊಳ್ಳುವ ಮುಂಚೆ ಮನೆಯಲ್ಲೇ ಪರೀಕ್ಷಿಸಬಹುದು: ತುಂಡನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, 24 ಗಂಟೆ ನೀರಲ್ಲಿಟ್ಟು, ಮೈ ಒರೆಸಿ ಮತ್ತೆ ತೂಗಿ. ಒಂದು ಕೆ.ಜಿ. ತುಂಡು 5 ಗ್ರಾಂ ಹೆಚ್ಚಿದರೆ ಗ್ರಾನೈಟಿನ ಮಾತು ಸರಿ, 100 ಗ್ರಾಂ ಹೆಚ್ಚಿದರೆ ಅದರ ಜಾಗ ಸೂರಿನ ಕೆಳಗೆ.

ಮರ

ಹೆಚ್ಚು ಹಣ ಪೋಲಾಗುವುದು ಇಲ್ಲಿ. ವಿಪರ್ಯಾಸವೆಂದರೆ ಮರ ಸಾಮಾನ್ಯವಾಗಿ ಒಳ್ಳೆಯದೇ ಇರುತ್ತದೆ, ಕೆಡುವುದು ಅದರ ಹಿಂದಿನ ರೀಪು ಮತ್ತು ಸ್ಕ್ರೂ.

ಈಗ ಬೆಂಗಳೂರಿನ ಅಂಗಡಿಗಳಲ್ಲಿ ಮುಂದೆ ನಿಲ್ಲಿಸಿರುವುದು ಥರ್ಮೋ ಪೈನ್ ಮತ್ತು ಥರ್ಮೋ ಆಶ್. ಫಿನ್ಲೆಂಡಿನಲ್ಲಿ ರೂಪುಗೊಂಡ ವಿಧಾನ ಇದು: ಮರವನ್ನು ಉಗಿಯ ನಡುವೆ 190ರಿಂದ 212 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ, ಬೇರೆ ರಾಸಾಯನಿಕ ಸೇರಿಸುವುದಿಲ್ಲ. ಶಿಲೀಂಧ್ರಕ್ಕೆ ಆಹಾರವಾಗುವ ಅಂಶ ಒಡೆದುಹೋಗುತ್ತದೆ, ನೀರು ಹೀರಿ ಉಬ್ಬುವ ಗುಣ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸಾದಾ ಮರ ಮಲೆನಾಡಿನ ಮಳೆಗಾಲದಲ್ಲಿ ಶೇ. 20ರ ತೇವ ದಾಟಿ ಕೊಳೆಯುವ ಹಂತಕ್ಕೆ ಹೋಗುವಾಗ ಇದು ಅದಕ್ಕಿಂತ ಬಹಳ ಕೆಳಗೇ ನಿಲ್ಲುತ್ತದೆ. ಬಾಗದೆ, ಸೀಳದೆ ನೇರ ನಿಲ್ಲುವ ವಿಷಯದಲ್ಲಿ ಬೇರೆ ಯಾವ ಹಲಗೆಯೂ ಈ ಬೆಲೆಗೆ ಇದರ ಸಮ ಬರುವುದಿಲ್ಲ. ಆದರೆ ಮಾರುವವರು ಎರಡು ಮಾತನ್ನು ನುಂಗುತ್ತಾರೆ. ಒಂದು, ಕಾಯಿಸಿದ ಮರ ಪೆಡಸು. ಮೊಳೆ ಹೊಡೆದರೆ ಸೀಳುತ್ತದೆ, ಭಾರ ಹೊರುವ ಜಾಗಕ್ಕೆ ಬಳಸಬಾರದು. ಎರಡು, ಇದಕ್ಕೆ ಗೆದ್ದಲಿನಿಂದ ವಿನಾಯಿತಿ ಇಲ್ಲ. ಸುಟ್ಟ ಮರ ತಾನೇ ಎಂದು ನೆಲಕ್ಕೆ ತಾಗಿಸಿ ಕೂರಿಸಿದರೆ ಒರಲೆ ಸಂತೋಷದಿಂದ ಹತ್ತುತ್ತದೆ.

ಸ್ಥಳೀಯ ಮರಗಳಲ್ಲಿ ತೇಗ ಈಗಲೂ ನಂಬಿಕಸ್ತ, ಆದರೆ ಚೇಗು (ಮರದ ಗಟ್ಟಿ ತಿರುಳು) ಇರುವ ತೇಗ. ಎಳೆಯ ಪ್ಲಾಂಟೇಶನ್ ತೇಗದಲ್ಲಿ ಅಂಚಿನ ಬಿಳಿ ಭಾಗ ಹೆಚ್ಚು, ಗೆದ್ದಲು ಮೊದಲು ಹಿಡಿಯುವುದೇ ಅದನ್ನು. ಬೆಂಗಳೂರಿನ ಹಳೆಯ ಮನೆ ಕೆಡವಿದಾಗ ಬರುವ ತೊಲೆಗಳನ್ನು ಕೊಯ್ಸಿ ಹಲಗೆ ಮಾಡಿಸಿಕೊಳ್ಳುವುದು ಜಾಣತನ. ಒಳಗೆ ಉಳಿದ ಮೊಳೆಗೆ ಗರಗಸದ ಹಲ್ಲು ಮುರಿದರೆ ಯಾರ ಲೆಕ್ಕಕ್ಕೆಂದು ಮೊದಲೇ ಮಾತಾಡಿಕೊಳ್ಳಿ. ಹೊನ್ನೆ ಬಾಳಿಕೆಯಲ್ಲಿ ಕಡಿಮೆಯಿಲ್ಲ, ಆದರೆ ಒದ್ದೆಯಾದಾಗ ಹಳದಿ ಬಣ್ಣ ಬಿಡುತ್ತದೆ, ಕೆಳಗೆ ಸುಣ್ಣದ ಗೋಡೆಯಿದ್ದರೆ ಅದರ ಅಂದ ಹೋದಂತೆ. ಕಾಫಿ ತೋಟದಲ್ಲಿ ಕೈಗೆಟಕುವಂತಿರುವ ಸಿಲ್ವರ್ ಓಕ್ ಹೊರಮೈಗೆ ಲಾಯಕ್ಕಿಲ್ಲ, ತೋಟದವರೇ ಹೇಳುತ್ತಾರೆ. ಯಾವ ಜಾತಿಯ ಮರವೆಂದು ಅನುಮಾನ ಬಂದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಗುರುತಿಸಿಕೊಳ್ಳಬಹುದು. ದೊಡ್ಡ ಮೊತ್ತದ ಖರೀದಿಗೆ ಈ ಶುಲ್ಕ ಏನೇನೂ ಅಲ್ಲ.

ಜೋಡಣೆಗೆ ಬರೋಣ. ಮರದ ಹಿಂದಿನ ಗೋಡೆ ತಾನೇ ನೀರು ತಡೆಯುವಂತಿರಬೇಕು: ಗಿಲಾವು, ಅದರ ಮೇಲೆ ವಾಟರ್‌ಪ್ರೂಫ್ ಲೇಪ. ಅದರ ಮೇಲೆ ನಿಂತ ರೀಪು, 450 ಮಿ.ಮೀ.ಗೊಂದು, ಗೋಡೆಯಿಂದ ಕನಿಷ್ಠ 25 ಮಿ.ಮೀ. ಮುಂದಕ್ಕೆ. ಆ 25 ಮಿ.ಮೀ. ಸಂದು ಕೆಳಗೂ ಮೇಲೂ ತೆರೆದಿರಬೇಕು, ಎರಡೂ ಕಡೆ ಎಸ್‌ಎಸ್ ಜಾಲರಿ ಹಾಕಬೇಕು, ಇಲ್ಲವಾದರೆ ಕಣಜ, ಹಲ್ಲಿ, ಇಲಿ ಸಂಸಾರ ಹೂಡುತ್ತವೆ. ಹಲಗೆ ಅಡ್ಡ ಕೂರಿಸುವುದಾದರೆ ನಾಲಿಗೆ (ಅಂಚಿನ ಉಬ್ಬು) ಮೇಲಕ್ಕೆ, ಗಾಡಿ (ಅದು ಕೂರುವ ತೋಡು) ಕೆಳಕ್ಕೆ. ತಿರುಗಿಸಿದರೆ ಪ್ರತಿ ಸಂದೂ ನೀರು ಹಿಡಿಯುವ ದೋಣಿಯಾಗುತ್ತದೆ. ಹಲಗೆ ನಿಲ್ಲಿಸುವುದಾದರೆ ನೀರು ಚೆನ್ನಾಗಿ ಇಳಿಯುತ್ತದೆ, ಆದರೆ ಆಗ ರೀಪು ಅಡ್ಡ ಬರುವುದರಿಂದ ಅದರ ಹಿಂದೆ ಇನ್ನೊಂದು ಸಾಲು ನಿಂತ ರೀಪು ಬೇಕು. ಈ ಎರಡನೇ ಸಾಲನ್ನು ಉಳಿತಾಯದ ಹೆಸರಲ್ಲಿ ಬಿಟ್ಟುಬಿಡುವುದು ಬೆಂಗಳೂರಿನ ಕೆಲಸದವರಲ್ಲಿ ತೀರಾ ಸಾಮಾನ್ಯ. ಅಡ್ಡ ರೀಪಿನ ಮೇಲೆ ನೀರು ನಿಂತು ಅದು ಮೊದಲು ಕೊಳೆಯುತ್ತದೆ, ಮೇಲಿನ ದುಬಾರಿ ಹಲಗೆ ಜೋತು ಬೀಳುತ್ತದೆ. ರೀಪಿಗೆ ಔಷಧಿ ಕುಡಿಸಿದ ಗಟ್ಟಿ ಮರ ಇಲ್ಲವೇ ಅಲ್ಯೂಮಿನಿಯಂ ಪಟ್ಟಿ ಬಳಸಿ. ಕೊನೆಯ ಹಲಗೆ ನೆಲದಿಂದ ಒಂದು ಅಡಿ ಮೇಲೆ ನಿಲ್ಲಲಿ, ಮುಂದೆ ತೋಟದ ಮಣ್ಣು ಏರಿಸುವವರು ಈ ಅಡಿಯನ್ನು ತಿನ್ನದಂತೆ ನೋಡಿಕೊಳ್ಳಿ.

ನಮ್ಮ 33 ಚದರ ಮೀಟರ್ ಗೋಡೆಗೆ, ಕಾಣುವ ಅಗಲ 120 ಮಿ.ಮೀ. ಇರುವ ಹಲಗೆಯಾದರೆ ಸುಮಾರು 280 ಮೀಟರ್ ಉದ್ದದ ಹಲಗೆ ಬೇಕು. ತುಂಡು ಕಡಿತಕ್ಕೆ ಶೇ. 10-12 ಸೇರಿಸಿ. ರೀಪು ದಾಟುವ ಜಾಗ 620ರಷ್ಟು, ಒಂದೊಂದಕ್ಕೆ ಒಂದು ಸ್ಕ್ರೂ. 20 ಮಿ.ಮೀ. ಹಲಗೆಗೆ 50 ಮಿ.ಮೀ. ಉದ್ದದ ಎಸ್‌ಎಸ್ 304 ಸ್ಕ್ರೂ, ಪ್ರತಿಯೊಂದಕ್ಕೂ ಮೊದಲೇ ತೂತು ಕೊರೆಯಬೇಕು, ಹಲಗೆಯ ತುದಿಗೆ ತೀರಾ ಹತ್ತಿರ ಬೇಡ. ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಮರದ ಒಗರಿಗೆ ಕಬ್ಬಿಣ ಸೇರಿ ಪ್ರತಿ ತಲೆಯಿಂದ ಮಸಿಯ ಕಣ್ಣೀರು ಇಳಿಯುತ್ತದೆ. ಇಲ್ಲೊಂದು ಮೋಸ ತಿಳಿದಿರಲಿ: ಅಯಸ್ಕಾಂತ ಹಿಡಿದು ಅಂಟದಿದ್ದರೆ 304 ಎನ್ನುವ ಪರೀಕ್ಷೆ ನಂಬಬೇಡಿ. ಅಗ್ಗದ 202 ದರ್ಜೆಯೂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಬೇಗ ತುಕ್ಕು ಮಾತ್ರ ಹಿಡಿಯುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವ ಹನಿ ದ್ರಾವಣ ಹಾರ್ಡ್‌ವೇರ್ ಮಾರುಕಟ್ಟೆಯಲ್ಲೇ ಸಿಗುತ್ತದೆ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೂ ಅಷ್ಟೇ ಅಗತ್ಯ.

ಹಲಗೆ ಕತ್ತರಿಸಿದ ಪ್ರತಿ ತುದಿಗೂ ಕೂರಿಸುವ ಮುಂಚೆಯೇ ಎಣ್ಣೆ ಅಥವಾ ಮೇಣದ ಸೀಲರ್ ಹಚ್ಚಬೇಕು, ಮರ ನೀರು ಕುಡಿಯುವುದು ಹೆಚ್ಚಾಗಿ ತುದಿಯಿಂದ. ಮೈಗೆ ಬಣ್ಣ ಬೆರೆತ ಎಣ್ಣೆ ಹಚ್ಚಿ, ಪಾರದರ್ಶಕ ವಾರ್ನಿಷ್ ಬೇಡ. ವಾರ್ನಿಷ್ ಬಿಸಿಲಿಗೆ ಬಿರಿದು ಚಕ್ಕೆ ಏಳುತ್ತದೆ, ಮತ್ತೆ ಹಚ್ಚಲು ಇಡೀ ಗೋಡೆ ಉಜ್ಜಬೇಕು. ಎಣ್ಣೆಯಾದರೆ ತೊಳೆದು ಒಣಗಿಸಿ ಮೇಲೇ ಹಚ್ಚಬಹುದು: ಪಡುವಣ ಗೋಡೆಗೆ ವರ್ಷ ಒಂದೂವರೆ ವರ್ಷಕ್ಕೊಮ್ಮೆ, ಉಳಿದವಕ್ಕೆ ಎರಡು ವರ್ಷಕ್ಕೊಮ್ಮೆ. ಎಣ್ಣೆಯಿಲ್ಲದೆ ಬಿಟ್ಟರೆ ಬೆಳ್ಳಿಯ ಬೂದು ಬಣ್ಣಕ್ಕೆ ತಿರುಗುತ್ತದೆ ಎನ್ನುವ ಕ್ಯಾಟಲಾಗಿನ ಚಿತ್ರ ಯುರೋಪಿನದು. ಮಲೆನಾಡಿನಲ್ಲಿ ಸೂರಿನ ಕೆಳಗೆ ಕಂದು, ನಡುವೆ ಬೂದು, ಬುಡಕ್ಕೆ ಬೂಸ್ಟಿನ ಕಪ್ಪು, ಹೀಗೆ ಮೂರು ಪಟ್ಟೆಯಾಗುತ್ತದೆ. ಜಪಾನಿನ ಮಾದರಿಯಲ್ಲಿ ಮೈ ಸುಟ್ಟ ಕಪ್ಪು ಹಲಗೆ ಈಗ ಫ್ಯಾಶನ್. ಎರಚಲು ಬಡಿಯುವ ಅಂಚುಗಳಲ್ಲಿ ಇದ್ದಿಲಿನ ಪದರ ತೊಳೆದುಹೋಗುತ್ತದೆ, ಹಾಗಾಗಿ ಒಳ ಜಗಲಿಗೆ ಸಾಕು. ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿದ ಡಬ್ಲ್ಯುಪಿಸಿ ಗೆದ್ದಲಿಗೆ ಹೆದರುವುದಿಲ್ಲ ನಿಜ, ಆದರೆ ಅದನ್ನು ನೈಸರ್ಗಿಕ ಎಂದು ಮಾರುವುದು ತಮಾಷೆ.

ಹೆಂಚು, ಗಾರೆ, ಮಣ್ಣಿನ ಬ್ಲಾಕು

ಬೆಟ್ಟದ ಮನೆಯ ಹೊರಮೈ ಎಂದರೆ ಅರ್ಧ ಪಾಲು ಮಾಡು, ಅಂದರೆ ಛಾವಣಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚು ಇವತ್ತಿಗೂ ಈ ಹವೆಗೆ ಹೇಳಿ ಮಾಡಿಸಿದ ವಸ್ತು. ಚದರ ಮೀಟರಿಗೆ ಸುಮಾರು 15 ಹೆಂಚು. ಬೆರಳಿನಿಂದ ತಟ್ಟಿದರೆ ಠಣ್ ಎನ್ನಬೇಕು. ಮಂದ ಸದ್ದು ಬಂದರೆ ಒಳಬಿರುಕು ಇದೆ ಅಥವಾ ಸುಟ್ಟದ್ದು ಸಾಲದು. ಜಡಿಮಳೆಯ ಊರಿಗೆ ಇಳಿಜಾರು 30 ಡಿಗ್ರಿಗೆ ಕಡಿಮೆ ಬೇಡ, ಆಧುನಿಕ ನೋಟಕ್ಕೆಂದು ಮಾಡನ್ನು ಚಪ್ಪಟೆ ಮಾಡುವ ನಕ್ಷೆಗಳಲ್ಲಿ ಗಾಳಿ ನೀರನ್ನು ಹೆಂಚಿನ ಸಂದಿನೊಳಗೆ ಮೇಲಕ್ಕೆ ತಳ್ಳುತ್ತದೆ.

ಬೆಂಗಳೂರಿನ ಕಂಟ್ರಾಕ್ಟರರು ಇಳಿಜಾರು ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಅದರ ಮೇಲೆ ಸಿಮೆಂಟಿನಿಂದ ಹೆಂಚು ಅಂಟಿಸುತ್ತಾರಲ್ಲ, ಅದು ಹೆಂಚಿನ ಮಾಡಲ್ಲ, ಅಲಂಕಾರ. ಸಂದಿನಿಂದ ಇಳಿದ ನೀರಿಗೆ ಹೊರದಾರಿಯಿಲ್ಲದೆ ಗಾರೆಯಲ್ಲಿ ನಿಂತು ಸ್ಲ್ಯಾಬಿಗೆ ಇಳಿಯುತ್ತದೆ. ಸ್ಲ್ಯಾಬ್ ಬೇಕೇ ಬೇಕೆಂದರೆ ಅದಕ್ಕೆ ವಾಟರ್‌ಪ್ರೂಫ್ ಮಾಡಿಸಿ, ಇಳಿಜಾರಿನ ದಿಕ್ಕಿಗೆ ಒಂದು ಸಾಲು ಪಟ್ಟಿ, ಅದರ ಮೇಲೆ ಅಡ್ಡ ರೀಪು, ಆಮೇಲೆ ಹೆಂಚು. ನೀರು ಕೆಳಗಿನಿಂದಲೂ ಹರಿದುಹೋಗುತ್ತದೆ. ಹೆಂಚಿಗೆ ಬಣ್ಣ ಬಳಿಯಬೇಡಿ, ಎರಡು ಮಳೆಗಾಲದಲ್ಲಿ ಚಕ್ಕೆ ಏಳುತ್ತದೆ. ಮಂಗಗಳ ಹಾವಳಿ ಇರುವಲ್ಲಿ ನೂರು ಹೆಂಚಿಗೆ ಐದರಂತೆ ಹೆಚ್ಚುವರಿ ಇಟ್ಟುಕೊಳ್ಳಿ, ಒಂದೇ ಅಚ್ಚಿನವು. ಬೇರೆ ಕಾರ್ಖಾನೆಯ ಹೆಂಚು ಒಂದಕ್ಕೊಂದು ಕೂರುವುದಿಲ್ಲ.

ಸೂರು ಗೋಡೆಯಿಂದ ಮೂರರಿಂದ ನಾಲ್ಕು ಅಡಿ ಮುಂದೆ ಬರಲಿ. ಈ ಒಂದು ಅಳತೆ ಸರಿಯಿದ್ದರೆ ಮೇಲೆ ತಿರಸ್ಕರಿಸಿದ ಅರ್ಧ ವಸ್ತುಗಳಿಗೆ ಮತ್ತೆ ಜಾಗ ಸಿಗುತ್ತದೆ. ಕಾಂಕ್ರೀಟಿನ ಸಜ್ಜಾ ಇದ್ದಲ್ಲಿ ಅದರ ತಳದಲ್ಲಿ, ಅಂಚಿನಿಂದ ಇಂಚಿನಷ್ಟು ಒಳಗೆ, ಅರ್ಧ ಇಂಚು ಅಗಲ ಆಳದ ಗೀರು ಇರಲೇಬೇಕು, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಗೀರಿಲ್ಲದ ಸಜ್ಜಾದ ಕೆಳಗೆ ಎಂಥ ದುಬಾರಿ ಗೋಡೆಯೂ ಮೀಸೆ ಬರೆದಂತಾಗುತ್ತದೆ.

ಸುಣ್ಣದ ಗಾರೆ ಸೂರಿನ ಕೆಳಗೆ ಸೊಗಸು, ಬಯಲಲ್ಲಿ ಕಷ್ಟ. ಒಂದು ಪಾಲು ಸುಣ್ಣಕ್ಕೆ ಎರಡೂವರೆ ಮೂರು ಪಾಲು ಮರಳು, ಒಂದು ಪದರ 10 ಮಿ.ಮೀ. ಮೀರಬಾರದು. ಚೀಲದ ರೆಡಿಮಿಕ್ಸ್ ಆದರೆ 10 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 15 ಕೆ.ಜಿ. ಆಸುಪಾಸು ಹೋಗುತ್ತದೆ. ನುಣುಪಾದ ಸಿಮೆಂಟ್ ಗಿಲಾವಿನ ಮೇಲೆ ಬಳಿದರೆ ಹಿಡಿತವಿಲ್ಲದೆ ಹಾಳೆಹಾಳೆಯಾಗಿ ಕಳಚುತ್ತದೆ, ಹಿಂದಿನ ಮೈ ಒರಟಾಗಿರಬೇಕು. ಸುಣ್ಣ ಗಾಳಿ ಕುಡಿದು ಗಟ್ಟಿಯಾಗುವ ವಸ್ತು, ವಾರಗಟ್ಟಲೆ ಹಿಡಿಯುತ್ತದೆ. ಫೆಬ್ರವರಿಯೊಳಗೆ ಮುಗಿಸಿದರೆ ಮಳೆಗೆ ಮುಂಚೆ ಮೂರು ತಿಂಗಳು ಸಿಗುತ್ತದೆ. ಏಪ್ರಿಲ್ ಕೊನೆಗೆ ಶುರುಮಾಡುತ್ತೇನೆ ಎನ್ನುವ ಮೇಸ್ತ್ರಿಗೆ ಮುಂದಿನ ವರ್ಷ ಬರಲು ಹೇಳಿ.

ಮಣ್ಣಿನ ಬ್ಲಾಕು ಬೆಂಗಳೂರಿನ ಹೆಮ್ಮೆಯ ವಸ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರ ಇದನ್ನು ನಮ್ಮ ಕೆಂಪು ಮಣ್ಣಿಗೆ ಒಗ್ಗಿಸಿತು. 230×190×100 ಮಿ.ಮೀ. ಬ್ಲಾಕು, ಶೇ. 6-8 ಸಿಮೆಂಟು, ತೂಕ ಎಂಟು ಕೆ.ಜಿ. ಮೇಲೆ. ಬೆಂಗಳೂರಿನಿಂದ ಸಾಗಿಸುವುದು ದಂಡ. ಯಂತ್ರವನ್ನೇ ಜಾಗಕ್ಕೆ ಒಯ್ದು ಅಲ್ಲಿನ ಮಣ್ಣಿನಲ್ಲಿ ಒತ್ತಿಸಬೇಕು. ಮಲೆನಾಡಿನ ಮಣ್ಣಿನಲ್ಲಿ ಜೇಡಿ ಜಾಸ್ತಿ, ಮರಳು ಅಥವಾ ಕ್ವಾರಿ ಪುಡಿ ಬೆರೆಸಿ ಜೇಡಿಯನ್ನು ಶೇ. 15ರ ಒಳಗೆ ತರದಿದ್ದರೆ ಬ್ಲಾಕು ಒಣಗುವಾಗಲೇ ಬಿರಿಯುತ್ತದೆ. ಮೂರು ವಾರವಾದರೂ ತೇವದಲ್ಲಿಟ್ಟು ಹದಮಾಡಿ. ಕಲ್ಲಿನ ಪಾಯದ ಮೇಲೆ, ನಾಲ್ಕಡಿ ಸೂರಿನ ಕೆಳಗೆ ಗಿಲಾವಿಲ್ಲದೆ ನಿಲ್ಲುತ್ತದೆ. ಪಡುವಣ ಗೋಡೆಗೆ ಮಾತ್ರ ಬೇಡ, ಅಲ್ಲಿ ಮರದ ಹಲಗೆ ಅಥವಾ ಗ್ರಾನೈಟ್ ಬರಲಿ.

ಕೆಲಸ ಮಾಡಿಸುವಾಗ

ಬೆಂಗಳೂರಿನ ದರಪಟ್ಟಿ ಚದರ ಅಡಿಗೆ ಇಷ್ಟು ಎಂದಷ್ಟೇ ಇರುತ್ತದೆ. ಅದರೊಳಗೆ ಕಡಿತದ ನಷ್ಟ, ಜಿಎಸ್‌ಟಿ, ಲೋಡಿಂಗ್ ಅನ್‌ಲೋಡಿಂಗ್, ಅಟ್ಟಣಿಗೆ, ಕೆಲಸದವರ ಊಟ ವಸತಿ ಸೇರಿದೆಯೇ ಎಂದು ಒಂದೊಂದಾಗಿ ಕೇಳಿ. ಸಕಲೇಶಪುರಕ್ಕೆ 220 ಕಿ.ಮೀ.; ದೊಡ್ಡ ಲಾರಿ ಪೇಟೆಯವರೆಗೆ ಬರುತ್ತದೆ, ತೋಟದ ದಾರಿಗೆ ಪಿಕಪ್ ಬೇಕು, ಅಲ್ಲಿ ಎರಡನೇ ಸಲ ಇಳಿಸಿ ಏರಿಸುವ ಕೂಲಿ ಬರುತ್ತದೆ, ಒಡೆಯುವ ಕಲ್ಲುಗಳೂ ಅಲ್ಲೇ ಒಡೆಯುತ್ತವೆ. 900×600×30 ಮಿ.ಮೀ. ಕಲ್ಲು ಸುಮಾರು 44 ಕೆ.ಜಿ. ತೂಗುತ್ತದೆ, ಇಬ್ಬರು ಎತ್ತಬಹುದು. ಅದಕ್ಕಿಂತ ದೊಡ್ಡ ಅಳತೆ ಆರಿಸಿದರೆ ಬೆಟ್ಟದ ಮೇಲೆ ಕ್ರೇನ್ ಎಲ್ಲಿಂದ ತರುತ್ತೀರೆಂದು ಆರ್ಕಿಟೆಕ್ಟರನ್ನು ಕೇಳಿ.

ಪೂರ್ತಿ ಕೆಲಸಕ್ಕೆ ಮುಂಚೆ ಕಿಟಕಿಯ ಮೂಲೆಯೊಂದನ್ನು ಒಳಗೊಂಡ ಒಂದೂವರೆ ಮೀಟರ್ ಮಾದರಿಯನ್ನು ಆ ಗೋಡೆಯಲ್ಲೇ ಮಾಡಿಸಿ. ಬಯಲು ಗೋಡೆ ಯಾರಾದರೂ ಮಾಡುತ್ತಾರೆ, ಕೈಚಳಕ ಗೊತ್ತಾಗುವುದು ಮೂಲೆಯಲ್ಲಿ. ಪೈಪಿನಿಂದ ಇಪ್ಪತ್ತು ನಿಮಿಷ ನೀರು ಬಿಡಿ, ಕಿಟಕಿಯ ಒಳಮೂಲೆಯನ್ನು ಕೈಯಿಂದ ಮುಟ್ಟಿ ನೋಡಿ. ಮೂಲೆಯನ್ನು ಸಿಲಿಕೋನ್ ಮೆತ್ತಿ ಮುಚ್ಚಿದ್ದರೆ ತೆಗೆಸಿ. ಕಿಟಕಿಯ ಮೇಲೆ ಅಲ್ಯೂಮಿನಿಯಂ ಅಥವಾ ಜಿಐ ತಗಡನ್ನು ಬಾಗಿಸಿ, ಒಳತುದಿ ಹಿಂದಿನ ಲೇಪದೊಳಗೆ ಸೇರುವಂತೆ, ಹೊರತುದಿ ಹಲಗೆಯ ಮುಂದಕ್ಕೆ ಬರುವಂತೆ ಕೂರಿಸಬೇಕು. ಸಿಲಿಕೋನ್ ಐದಾರು ವರ್ಷದಲ್ಲಿ ಬಿಡುತ್ತದೆ, ತಗಡು ಬಿಡುವುದಿಲ್ಲ.

ಗ್ಯಾರಂಟಿ ಪತ್ರದಲ್ಲಿ ವಸ್ತುವಿಗೆ ಹತ್ತು ವರ್ಷ, ಇಪ್ಪತ್ತು ವರ್ಷ ಎಂದಿರುತ್ತದೆ. ಜೋಡಣೆಗೆ ಎಷ್ಟು ಎಂಬ ಸಾಲು ಇರುವುದಿಲ್ಲ. ಆ ಸಾಲು ಬರೆಸಿ, ಶೇ. 10 ಹಣವನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತೂ ಇರಲಿ. ಅಕ್ಟೋಬರಿನಲ್ಲಿ ನೋಡಬೇಕಾದದ್ದು ಪಡುವಣ ಗೋಡೆಯ ಬುಡದ ಹಲಗೆಯ ತುದಿ, ಕಿಟಕಿಗಳ ಕೆಳಮೂಲೆ, ಮತ್ತು ಸಜ್ಜಾ ಗೋಡೆಗೆ ಸೇರುವ ಜಾಗ. ಈ ಮೂರೂ ಒಣಗಿದ್ದರೆ ಬಾಕಿ ಕೊಟ್ಟುಬಿಡಿ.